ಮಕ್ಕಳ ಬರವಣಿಗೆಯ ಸಂಸ್ಥೆಯಲ್ಲಿ ಸಂವಹನ ಮತ್ತು ದೇಣಿಗೆ ಸಂಗ್ರಹದ ಇಂಟರ್ನ್‌ಶಿಪ್‌ಗೆ ಸೇರಬಹುದೇ?

ಹದಿಹರೆಯದವರಿಗೆ ಬರವಣಿಗೆ ಕಲಿಸುವ ಸಂಸ್ಥೆಯೊಂದು ಪದವಿಯ ಕೊನೆಯ ವರ್ಷದಲ್ಲಿರುವ ನಿಮ್ಮನ್ನು ಸಂವಹನ ಮತ್ತು ದೇಣಿಗೆ ಸಂಗ್ರಹದ ಕೆಲಸಕ್ಕೆ ಇಂಟರ್ನ್ ಆಗಿ ಕರೆದಿದೆ. ಸಾಹಿತ್ಯದ ಒಲವಿನಿಂದ ಅರ್ಜಿ ಹಾಕಿದ ನಿಮಗೆ ಹಣ ಕೇಳುವ ಕೆಲಸವೆಂದು ಹಿಂಜರಿಕೆಯಾಗಿದ್ದು, ಅಲ್ಲಿ ನಿಜಕ್ಕೂ ಏನು ಮಾಡಬೇಕಾಗುತ್ತದೆ, ಹೋಗಬಹುದೇ ಎಂದು ಕೇಳಿದ್ದೀರಿ. ಕೊಡಗಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವಾರಾಂತ್ಯದ ಬರವಣಿಗೆ ಶಿಬಿರಗಳನ್ನು ನಡೆಸುವ ಒಂದು ಚಿಕ್ಕ ಟ್ರಸ್ಟಿಗೆ ನಾನು ಇದೇ ಕೆಲಸಕ್ಕೆ ಇಂಟರ್ನ್ ಆಗಿ ಸೇರಿ, ಈಗ ಅಲ್ಲಿಯೇ ಉಳಿದಿದ್ದೇನೆ. ಹೋಗಿ ಎಂದೇ ಹೇಳುತ್ತೇನೆ. ಆದರೆ ಸಂವಹನ ಬೇರೆ, ದೇಣಿಗೆ ಬೇರೆ ಎಂದುಕೊಂಡು ಹೋಗಬೇಡಿ.

ಹೊರಗಿನಿಂದ ನೋಡುವವರಿಗೆ ಸಂವಹನವೆಂದರೆ ಇನ್‌ಸ್ಟಾಗ್ರಾಂ ಪೋಸ್ಟು, ದೇಣಿಗೆಯೆಂದರೆ ರಸೀದಿ ಪುಸ್ತಕ. ಎರಡಕ್ಕೂ ಇರುವ ಬಂಡವಾಳ ಒಂದೇ, ಮಗು ಬರೆದ ಪುಟ. ಕಾಫಿ ತೋಟವೊಂದರ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲುಮನೆಯಿಂದ, ಶಿಬಿರಕ್ಕೆ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಕರಿಮೆಣಸು ಕೊಯ್ಯಲು ಅವಳ ಅಪ್ಪ ಹತ್ತುವ ಏಣಿಯ ಬಗ್ಗೆ ಬರೆದಳು (ಅವಳ ಮತ್ತು ಮನೆಯವರ ಒಪ್ಪಿಗೆಯಿಂದ ಅಚ್ಚಾದ ಬರಹವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ). ಒಂಟಿ ಬಿದಿರಿನ ಏಣಿ. ಗಿಣ್ಣುಗಳ ಬಳಿ ಉಳಿಸಿದ ಗಿಡ್ಡ ಕವಲುಗಳೇ ಮೆಟ್ಟಿಲು. ಅಪ್ಪ ಮೇಲೆ ಹೋಗಿ ಅದನ್ನು ಸಿಲ್ವರ್ ಮರಕ್ಕೆ ಹಗ್ಗದಿಂದ ಬಿಗಿಯುವವರೆಗೂ ಅಮ್ಮ ಕೆಳಗೆ ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದಿರುತ್ತಾಳೆ, ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುವುದಿಲ್ಲ ಎಂದು ಅವಳು ಬರೆದಿದ್ದಳು. ದಾನಿಗಳಿಗೆ ಕಳುಹಿಸುವ ಕಾಗದದ ಕರಡಿನಲ್ಲಿ ಈ ಬರಹದ ಮೇಲೆ ‘ಬಡ ಕೂಲಿಕಾರನ ಮಗಳ ಕಣ್ಣೀರ ಕಥೆ’ ಎಂಬ ಸಾಲು ಸೇರಿಕೊಂಡಿತ್ತು. ನಮ್ಮ ಸಂಯೋಜಕಿ ಆ ಸಾಲನ್ನು ಹೊಡೆದುಹಾಕಿ, ಹುಡುಗಿಯ ಪ್ಯಾರಾವನ್ನು ಒಂದಕ್ಷರವೂ ತಿದ್ದದೆ ಕಾಗದದ ಮೊದಲಿಗೆ ತಂದು, ಅದರ ಕೆಳಗೆ ಒಂದು ಶಿಬಿರಕ್ಕೆ ಬಸ್ ಚಾರ್ಜು, ಊಟ, ನೋಟ್‌ಬುಕ್ಕು, ಮುದ್ರಣ ಎಂದು ತಗಲುವ ಖರ್ಚಿನ ವಿವರವನ್ನಷ್ಟೇ ಇಟ್ಟರು. ಆ ಹುಡುಗಿ ಕಣ್ಣೀರಿನ ಬಗ್ಗೆ ಬರೆದೇ ಇರಲಿಲ್ಲ; ಇಲ್ಲದ ಕಣ್ಣೀರನ್ನು ಅವಳ ಹೆಸರಿನಲ್ಲಿ ಮಾರುವ ಹಕ್ಕು ನಮಗಿಲ್ಲ. ಆ ಕಾಗದಕ್ಕೆ ಹಣದೊಂದಿಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಏಣಿಯ ಬಗ್ಗೆಯೇ ಇದ್ದವು, ಕೆಲವು ಬೆಳೆಗಾರರು ತಮ್ಮ ತೋಟದ ಏಣಿಗಳ ಬಗ್ಗೆ ಉದ್ದುದ್ದ ಬರೆದಿದ್ದರು.

ಬರಹ ಮಗುವಿನದು ಎಂಬುದನ್ನು ಕಾನೂನೂ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಹಕ್ಕಿನ ಮೊದಲ ಒಡೆಯರು, ವಯಸ್ಸು ಎಷ್ಟೇ ಇರಲಿ. 18 ತುಂಬದವರು ಮಾಡಿಕೊಂಡ ಕರಾರು ಊರ್ಜಿತವಾಗದ ಕಾರಣ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಅಗತ್ಯವೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಈ ಒಪ್ಪಿಗೆ ಪತ್ರಗಳನ್ನು ಪಡೆದು ಜೋಡಿಸಿಡುವ ಕೆಲಸ ಸಾಮಾನ್ಯವಾಗಿ ಇಂಟರ್ನ್ ಪಾಲಿಗೇ ಬರುತ್ತದೆ, ಮತ್ತು ಇದನ್ನು ನಾನು ಅತ್ಯಂತ ದೊಡ್ಡ ಕೆಲಸವೆಂದು ಭಾವಿಸುತ್ತೇನೆ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತಮಿಳು ಮನೆಮಾತಾಗಿರುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುವ ಜಿಲ್ಲೆ ನಮ್ಮದು. ಶಾಲೆಯಲ್ಲಿ ಕಾಗದ ಹಂಚಿ, ಮರುದಿನ ಸಹಿಯೊಂದಿಗೆ ವಾಪಸು ಪಡೆದರೆ ಅದನ್ನು ಒಪ್ಪಿಗೆ ಎನ್ನಲಾಗದು. ಕನ್ನಡ ಓದಲು ಬಾರದ ತಾಯಿಗೆ ಅವರ ಭಾಷೆಯಲ್ಲಿ ಬರಹವನ್ನು ಓದಿ ಹೇಳಿ, ಪೂರ್ತಿ ಹೆಸರು ಹಾಕಬಹುದೇ, ಫೋಟೋ ಬೇಡವೇ, ಊರಿನ ಹೆಸರು ತೆಗೆಯಬೇಕೇ ಎಂದು ಒಂದೊಂದಾಗಿ ಕೇಳಬೇಕು. ಬೇಡ ಎಂದರೆ ಎಷ್ಟೇ ಒಳ್ಳೆಯ ಬರಹವಾದರೂ ಪಕ್ಕಕ್ಕಿಡಬೇಕು.

ಇನ್ನು ಹಣದ ವಿಷಯ. ಇಲ್ಲಿ ದೊಡ್ಡ ಕಂಪನಿಗಳ ಕಚೇರಿಗಳು ಕಡಿಮೆ. ಬೆಳೆಗಾರರು, ನಿವೃತ್ತ ಸೇನಾಧಿಕಾರಿಗಳು, ಹೋಂಸ್ಟೇ ನಡೆಸುವವರು, ಬೆಂಗಳೂರು ಮೈಸೂರುಗಳ ಕೊಡವ ಸಮಾಜ, ಗೌಡ ಸಮಾಜಗಳಲ್ಲಿರುವ ನಮ್ಮವರು ಕೊಡುವುದೇ ಹೆಚ್ಚು. ಕಾಫಿ ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ಹಣ ಓಡಾಡುವ ಹೊತ್ತು ಮತ್ತು ತೆರಿಗೆ ಉಳಿತಾಯದ ಕಡೆಯ ದಿನವಾದ ಮಾರ್ಚ್ 31 ಹತ್ತಿರ ಹತ್ತಿರವೇ ಬರುವುದರಿಂದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಿಮಗೆ ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಆಗ ವರದಿ ಬರೆಯುವುದು, ಧನ್ಯವಾದದ ಕಾಗದಗಳನ್ನು ಕೈಯಲ್ಲೇ ಬರೆಯುವುದು ನಡೆಯುತ್ತದೆ.

ಕೆಲವು ನಿಯಮಗಳನ್ನು ಮೊದಲ ವಾರದಲ್ಲೇ ಕಲಿಯಿರಿ, ಏಕೆಂದರೆ ದಾನಿಗಳು ಫೋನಿನಲ್ಲಿ ಕೇಳುವುದು ಇವನ್ನೇ. ಎಲ್ಲರೂ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ, 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಅದು ಇಲ್ಲ. ದಾನಿಯ ಪ್ಯಾನ್ ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳದಿದ್ದರೆ ಅವರಿಗೆ ಪ್ರಮಾಣಪತ್ರ ತಲುಪದು. ವಿದೇಶದಲ್ಲಿರುವ ಬಂಧುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆಯಾಗುವುದಿಲ್ಲ, ಆದರೆ ಬೇರೆ ದೇಶದ ಪೌರತ್ವ ಪಡೆದವರು ಕಳುಹಿಸಿದ್ದು, ಅವರ ಹುಟ್ಟೂರು ವಿರಾಜಪೇಟೆಯೇ ಆಗಿದ್ದರೂ, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ಬರುತ್ತದೆ ಮತ್ತು ಅದರಡಿ ಅನುಮತಿಯಿಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಹೊಸಬರಿಗೆ ಬಹಳ ಆಸೆಯಿರುತ್ತದೆ; 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು ನಿಜ, ಆದರೆ ಅವರು ಕೇಳುವುದು ಮಕ್ಕಳ ಸಂಖ್ಯೆಯನ್ನು. ಒಂದು ಮಗು ಒಂದು ಪ್ಯಾರಾವನ್ನು ಮೂರನೆಯ ಸಲ ತಿದ್ದಿ ಬರೆದದ್ದನ್ನು ಯಾವ ಕೋಷ್ಟಕದಲ್ಲಿ ತುಂಬಬೇಕೆಂಬುದು ನಮಗೆ ಇಂದಿಗೂ ಕಷ್ಟದ ಪ್ರಶ್ನೆ. ಅದಕ್ಕಾಗಿ ನಾವು ಮೊದಲ ಕರಡು ಮತ್ತು ಕೊನೆಯ ಕರಡು ಎರಡನ್ನೂ ವರದಿಗೆ ಲಗತ್ತಿಸುತ್ತೇವೆ.

ದೇಣಿಗೆಯೊಂದನ್ನೇ ನೆಚ್ಚಿಕೊಳ್ಳದ ಸಂಸ್ಥೆಗಳೂ ಇವೆ. 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ 826 ವೆಲೆನ್ಸಿಯಾ ಎಂಬ ಮಕ್ಕಳ ಬರವಣಿಗೆ ಕೇಂದ್ರವು, ಆ ಜಾಗದಲ್ಲಿ ಅಂಗಡಿಯೇ ಇರಬೇಕೆಂಬ ನಿಯಮವಿದ್ದುದರಿಂದ ಮುಂಭಾಗದಲ್ಲಿ ಕಡಲ್ಗಳ್ಳರ ಸಾಮಾನಿನ ಅಂಗಡಿ ತೆರೆದು, ಹಿಂದೆ ಮಕ್ಕಳಿಗೆ ಪಾಠ ಹೇಳಿತು. ಮಕ್ಕಳ ಬರಹಗಳನ್ನು ಪುಸ್ತಕವಾಗಿಯೂ ತರುತ್ತದೆ. ನಾವು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಮಕ್ಕಳ ಬರಹಗಳ ಕಿರುಪುಸ್ತಕ ತರುತ್ತೇವೆ. ಮುದ್ರಣದ ಖರ್ಚು ಹುಟ್ಟಿದರೆ ಸಾಕು ಎಂಬ ಲೆಕ್ಕದ ಪುಸ್ತಕ ಅದಾದರೂ ಹೊಸ ದಾನಿಯ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ.

ಪತ್ರಿಕೆಗಳ ವಿಷಯ ಚಿಕ್ಕದು. 1957ರಿಂದ ಮಡಿಕೇರಿಯಲ್ಲಿ ನಡೆಯುತ್ತಿರುವ ‘ಶಕ್ತಿ’ಯಲ್ಲಿ ಬಂದ ನಾಲ್ಕು ಸಾಲನ್ನು ಇಲ್ಲಿನ ಮನೆಗಳಲ್ಲಿ ಓದುವಷ್ಟು ಆಸಕ್ತಿಯಿಂದ ಯಾವ ಪೋಸ್ಟನ್ನೂ ಓದುವುದಿಲ್ಲ; ಮಡಿಕೇರಿ ಆಕಾಶವಾಣಿಯಲ್ಲಿ ಮಗು ತನ್ನ ಬರಹ ಓದಿದರೆ ಇಡೀ ಲೈನ್ ಕೇಳುತ್ತದೆ. ಪ್ರಕಟಣೆಯನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಾಯಿಸಿದಾಗ ಒತ್ತಕ್ಷರ ಕೆಟ್ಟು ಮಗುವಿನ ಹೆಸರೇ ತಪ್ಪಾಗಬಹುದು, ಕಳುಹಿಸುವ ಮುನ್ನ ಕಣ್ಣಾಡಿಸಿ.

ಹಣ ಕೇಳಲು ನಾಚಿಕೆಯಾಗುತ್ತದೆ ಎಂದಿದ್ದೀರಿ. ಇದಕ್ಕೆ ನಾನು ಕೊಡಗಿನ ಗೌರಮ್ಮನವರನ್ನು ನೆನೆಯುತ್ತೇನೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಅವರು ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಈ ಕತೆಗಾರ್ತಿ 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಗಾಂಧೀಜಿ ಊರೂರಿನಲ್ಲಿ ಕೈಚಾಚಿ ಕೇಳುತ್ತಿದ್ದರು. ಯಾವ ಕೆಲಸಕ್ಕೆ ಕೇಳುತ್ತಿದ್ದಾರೆಂಬುದು ಕೊಡುವವರಿಗೆ ತಿಳಿದಿತ್ತು. ನಿಮ್ಮ ಸಂಸ್ಥೆಯ ಕೆಲಸವನ್ನು ನೀವು ಕಣ್ಣಾರೆ ನೋಡಿದ್ದರೆ ಕೇಳುವ ಮಾತು ತಾನಾಗಿ ಬರುತ್ತದೆ.

ಆದ್ದರಿಂದ ಸೇರುವ ಮುನ್ನ ಸ್ಟೈಪೆಂಡ್ ಎಷ್ಟು, ಓಡಾಟದ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಹಿಂದಿನ ವರ್ಷದ ಲೆಕ್ಕಪತ್ರ ತೋರಿಸುವಂತೆ ಕೇಳಿ, ಅದು ತಪ್ಪಲ್ಲ. ನಾಳೆ ದಾನಿ ನಿಮ್ಮನ್ನು ಕೇಳುವುದೂ ಅದನ್ನೇ. ಎಷ್ಟು ಹಣ ತರಬೇಕೆಂಬ ಗುರಿಯನ್ನು ಇಂಟರ್ನ್ ಮೇಲೆ ಹೊರಿಸುತ್ತಾರೆಯೇ ಎಂದು ವಿಚಾರಿಸಿ, ಹೊರಿಸುವುದಾದರೆ ಬೇಡವೆನ್ನಿ. ಮೊದಲ ತಿಂಗಳಲ್ಲಿ ಒಂದು ಶಿಬಿರದಲ್ಲಿ ಮಕ್ಕಳ ನಡುವೆ ಕುಳಿತು ನೀವೂ ಬರೆಯಲು ಅವಕಾಶ ಕೇಳಿ. ಅದಕ್ಕೆ ಒಪ್ಪದೆ, ಕಚೇರಿಯಲ್ಲೇ ಕುಳಿತು ಪೋಸ್ಟರ್ ಮಾಡಿದರೆ ಸಾಕು ಎನ್ನುವ ಸಂಸ್ಥೆಯಾದರೆ ಬೇರೆ ಕಡೆ ಅರ್ಜಿ ಹಾಕಿ.