ಕಾಯಿಸುವವರು ಮಾತು ಉಳಿಸಿಕೊಳ್ಳಬೇಕು

ಬನಶಂಕರಿಯ ಓದುಗರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ಎಂಟು ವರ್ಷದ ಮಗನಿಗೆ ಯಾವುದಕ್ಕೂ ಕಾಯಲು ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಸ್ಕೆಚ್ ಪೆನ್ ಬೇಕು ಅನ್ನಿಸಿದರೆ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರಬೇಕು. ಕೀಬೋರ್ಡ್ ಕ್ಲಾಸಿಗೆ ಸೇರಿದ, ಒಂದು ಹಾಡೂ ಬರಲಿಲ್ಲ ಅಂತ ಬಿಟ್ಟ. 'ನಮ್ಮ ಕಾಲದ ತಾಳ್ಮೆ ಇವರಿಗೆಲ್ಲಿ ಬರಬೇಕು' ಎಂದು ಮಾವನವರು ದಿನಾ ಅನ್ನುತ್ತಾರೆ. ಇವನ ಭವಿಷ್ಯ ಏನು, ತಾಳ್ಮೆ ಕಲಿಸುವುದು ಹೇಗೆ, ಸಾಮಾನು ಮನೆಗೆ ತರಿಸುವ ಆ ಆಪ್‌ಗಳನ್ನೇ ಫೋನಿನಿಂದ ತೆಗೆದುಬಿಡಲಾ ಎಂದು ಕೇಳಿದ್ದೀರಿ.

ಮೊದಲು ಮಾವನವರ ಮಾತು. ಬಜಾಜ್ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ತಲೆಮಾರು ಅವರದು. ಮನೆಗೆ ಫೋನ್ ಬರುವುದಕ್ಕೂ ಹಾಗೇ ಕಾದರು. ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಕೈಗೆ ಈಗಲೇ ಸಿಗುತ್ತದೆ ಅಂತ ಗೊತ್ತಿದ್ದೂ 'ಇರಲಿ, ಆಮೇಲೆ' ಅನ್ನಬೇಕಾದವನು ನಿಮ್ಮ ಮಗ. ಇದು ಇನ್ನೂ ಕಷ್ಟ. ಅಜ್ಜನಿಗೆ ಹೋಲಿಸಿ ಅವನನ್ನು ಬೈಯುವುದು ನ್ಯಾಯವಲ್ಲ.

ವಾಲ್ಟರ್ ಮಿಶೆಲ್ ಎಂಬ ಮನಃಶಾಸ್ತ್ರಜ್ಞರ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳ ಮುಂದೆ ತಿಂಡಿ ಇಟ್ಟರು. ಈಗಲೇ ಬೇಕಾದರೆ ಒಂದು, ನಾವು ವಾಪಸ್ ಬರುವವರೆಗೆ ಕಾದರೆ ಎರಡು ಎಂದರು. ಕಾದ ಮಕ್ಕಳೇ ಮುಂದೆ ಓದಿನಲ್ಲೂ ಮೇಲೆ ಬಂದರು ಎಂಬ ಭಾಗ ಮಾತ್ರ ಊರೆಲ್ಲ ಹರಡಿತು. ಎಷ್ಟೋ ತಾಯಂದಿರು ಅದನ್ನು ಕೇಳಿ ಹೆದರಿದ್ದಾರೆ. ನೀವು ಹೆದರಬೇಡಿ. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ವಿವರ ಇಟ್ಟುಕೊಂಡು ಮತ್ತೆ ನೋಡಿದರು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ತೀರಾ ಸಣ್ಣದಾಯಿತು.

ಅದೇ ಮಿಶೆಲ್ 1972ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ತಿಂಡಿ ಕಣ್ಣೆದುರೇ ಇದ್ದರೆ ಮಕ್ಕಳು ಬೇಗ ಸೋಲುತ್ತಿದ್ದರು. ಮುಚ್ಚಿಟ್ಟರೆ, ಮನಸ್ಸಿಗೆ ಬೇರೇನಾದರೂ ಖುಷಿಯ ಕೆಲಸ ಸಿಕ್ಕರೆ, ಎಷ್ಟೋ ಹೊತ್ತು ಕಾಯುತ್ತಿದ್ದರು.

ಇನ್ನು 2013ರ ಒಂದು ಅಧ್ಯಯನ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ರಾಚೆಸ್ಟರ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ಮೊದಲು ಹಳೇ ಕ್ರೇಯಾನ್ ಕೊಟ್ಟು, ಕಾದರೆ ಇದಕ್ಕಿಂತ ಒಳ್ಳೆಯದು ತರುತ್ತೇವೆ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬಂದು 'ಸಾರಿ, ಇಲ್ಲ' ಅಂದರು. ಆಮೇಲೆ ತಿಂಡಿಯ ಪರೀಕ್ಷೆ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು 3 ನಿಮಿಷ. ಮಕ್ಕಳು ಒಟ್ಟು 28 ಮಾತ್ರ, ಸಣ್ಣ ಅಧ್ಯಯನ. ಆದರೂ ನನಗೆ ಇದು ತುಂಬ ಕಾಡಿದೆ.

ಏಕೆಂದರೆ ನಿಮ್ಮ ಪತ್ರದ ನಡುವೆ ಒಂದು ಸಾಲಿದೆ. 'ಲಾಲ್‌ಬಾಗ್ ಫ್ಲವರ್ ಶೋಗೆ ಕರೆದುಕೊಂಡು ಹೋಗ್ತೀವಿ ಅಂದಿದ್ವಿ, ಎರಡು ಸಲವೂ ಆಫೀಸ್ ಕೆಲಸದಲ್ಲಿ ಆಗಲಿಲ್ಲ.' ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಅಪ್ಪ ಅಮ್ಮ ಹೇಳಿದ್ದು ಬರಲಿಲ್ಲ, ಆಪ್ ಹೇಳಿದ್ದು ಹತ್ತು ನಿಮಿಷದಲ್ಲಿ ಬಂತು. ಆ ಮಗು ಯಾರನ್ನು ನಂಬಬೇಕು? ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಇಬ್ಬರೂ ದುಡಿದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ, ಬಲ್ಲೆ.

ಬೆಂಗಳೂರಿನ ಮಕ್ಕಳಿಗೆ ಕಾಯುವುದೇ ಗೊತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ನೋಡಿ. 1943ರಿಂದ ಇರುವ ಹೋಟೆಲ್. ಹಸಿದ ಮಕ್ಕಳೂ ದೊಡ್ಡವರ ಜೊತೆ ಹೊರಗೆ ಕಾಯುತ್ತಾರೆ. ಒಳಗೆ ಕರೆಯುತ್ತಾರೆ, ದೋಸೆ ಬಂದೇ ಬರುತ್ತದೆ ಅಂತ ಅವರಿಗೆ ಗೊತ್ತು.

ಆದ್ದರಿಂದ ಕೆಲವು ವಾರ ಸಣ್ಣ ಮಾತುಗಳನ್ನೇ ಕೊಡಿ, ಕೊಟ್ಟಿದ್ದನ್ನು ನಡೆಸಿ. 'ನೋಡೋಣ' ಬೇಡ. ಆಗುವ ದಿನ ಹೇಳಿ. ಆಗದಿದ್ದರೆ ಅವನು ಕೇಳುವ ಮೊದಲೇ ತಿಳಿಸಿ, ಬೇರೆ ದಿನ ಗೊತ್ತುಮಾಡಿ. ಲಾಲ್‌ಬಾಗ್‌ಗೆ ಹೋಗಲು ಫ್ಲವರ್ ಶೋ ನಡೆಯುವ ಜನವರಿ ಅಥವಾ ಆಗಸ್ಟ್‌ವರೆಗೆ ಕಾಯಬೇಕಿಲ್ಲ. ಬನಶಂಕರಿಯಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ನಾಲ್ಕನೇ ನಿಲ್ದಾಣ ಅದು. ನಿಮಗೆ ಬಿಡುವಿಲ್ಲದಿದ್ದರೆ ಅಜ್ಜನೇ ಕರೆದುಕೊಂಡು ಹೋಗಲಿ. ದಿನಾ ಬುದ್ಧಿ ಹೇಳುವುದಕ್ಕಿಂತ ಅದು ಮೇಲು.

ಆಪ್ ತೆಗೆಯಬೇಕಾ? ಹಾಲು ತರಕಾರಿಗೆ ಬೇಕಿದ್ದರೆ ಇರಲಿ, ಅವನ ಕೈಗೆ ಸಿಗುವ ಫೋನಿನಲ್ಲಿ ಮಾತ್ರ ಬೇಡ. ಅವನಿಗೆ ಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆಯಲಿ. ಶನಿವಾರ ಜೊತೆಗೆ ಹೋಗಿ ತನ್ನಿ. ಅಷ್ಟರಲ್ಲಿ ಅವನೇ ಕೆಲವನ್ನು ಹೊಡೆದುಹಾಕುತ್ತಾನೆ. ಮಳೆಯಲ್ಲಿ ನೆನೆಯುತ್ತಾ ಆ ಪೆನ್ನು ತರುವ ಹುಡುಗನೂ ಒಬ್ಬ ತಾಯಿಯ ಮಗ ಅನ್ನುವುದನ್ನೂ ಅವನಿಗೆ ಹೇಳಿ. ಎಂಟು ವರ್ಷಕ್ಕೆ ಅದು ಅರ್ಥವಾಗುತ್ತದೆ.

ಕೀಬೋರ್ಡ್ ವಿಷಯಕ್ಕೆ ಮೇಷ್ಟ್ರ ಹತ್ತಿರ ಮಾತಾಡಿ. ಅವನಿಗೆ ಇಷ್ಟವಾದ ಒಂದು ಹಾಡಿನ ಮೊದಲ ಸಾಲು ಎಷ್ಟು ವಾರದಲ್ಲಿ ಕೈಗೆ ಬರುತ್ತದೆ ಅಂತ ಕೇಳಿ, ಅವನಿಗೂ ಅದನ್ನೇ ಹೇಳಿ. ಅಷ್ಟು ವಾರ ಕಲಿತ ಮೇಲೂ ಬೇಡ ಅಂದರೆ ಬಿಡಲಿ. ಕೀಬೋರ್ಡೇ ಅವನಿಗೆ ಇಷ್ಟವಿಲ್ಲದಿರಬಹುದು ಅಲ್ವಾ? ಅದಕ್ಕೂ 'ತಾಳ್ಮೆ ಇಲ್ಲ' ಅಂತ ಹೆಸರಿಡಬೇಡಿ.

— ಸಂಪಾದಕ