ಮಡಿವಾಳ ಹಕ್ಕಿ ಎಲ್ಲೂ ಹೋಗಿರಲಿಲ್ಲ ಅಕ್ಕಾ

ಕುಮಟಾದ ಅಕ್ಕಾ, ನಿಮ್ಮ ಬಚ್ಚಲ ಹಿಂದಿನ ಹಳೇ ಪೈಪಿನಲ್ಲಿ ಕಳೆದ ವರ್ಷ ಮರಿ ಮಾಡಿದ್ದ ಮಡಿವಾಳ ಹಕ್ಕಿ ಮತ್ತೆ ಬಂದು ಇಣುಕುತ್ತಿದೆ ಅಂದಿರಿ. ಅದೇ ಜೋಡಿಯಾ, ಹಳೇ ಗೂಡು ತೆಗೆಯಲಾ, ಅಕ್ಕಿ ಹಾಕಲಾ, ಬೆಕ್ಕಿಗೆ ಏನು ಮಾಡಲಿ ಅಂತಲೂ ಕೇಳಿದ್ದೀರಿ. ಶಿರಸಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆ ಗೋಡೆಯ ತೂತಿನಲ್ಲಿ ಆರು ವರ್ಷದಿಂದ ಇದೇ ಕಥೆ. ಕಂಡಿದ್ದು ಹೇಳುತ್ತೇನೆ.

ಅದು ವಾಪಸ್ ಬಂದಿದ್ದಲ್ಲ, ಎಲ್ಲೂ ಹೋಗೇ ಇರಲಿಲ್ಲ. ಮಳೆಗಾಲ, ಚಳಿಗಾಲ ಎಲ್ಲ ನಿಮ್ಮ ಹಿತ್ತಲಲ್ಲೇ ಸುಮ್ನೆ ಹುಳ ಹೆಕ್ಕುತ್ತಾ ಇರುತ್ತದೆ. ಹಾಡದೇ ಇದ್ದಿದ್ದಕ್ಕೆ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೇ. ಶಿವರಾತ್ರಿ ಕಳೆದು ಸೆಕೆ ಶುರುವಾಯಿತೋ, ಗಂಡು ಬೆಳಗಿನ ಜಾವವೇ ಡಿಶ್ ಆಂಟೆನಾ ಮೇಲೆ ಕೂತು ಸಿಳ್ಳೆ ಹಾಕುತ್ತದೆ. ಊರು ಬಿಟ್ಟು ಹೋಗುವವು ಬೇರೆ. ನಿಮ್ಮ ಕಡಲ ದಂಡೆಯ ಕಡಲಕ್ಕಿಗಳು, ನಮ್ಮ ತೋಟದ ನವರಂಗ ಹಕ್ಕಿ, ಇವೆಲ್ಲ ಉತ್ತರಕ್ಕೆ ಹೊರಡುವ ಹೊತ್ತಿಗೇ ಇದರ ಹಾಡು ಜೋರಾಗುತ್ತದೆ. ಗಂಡು ತನ್ನ ಜಾಗ ಸುಲಭಕ್ಕೆ ಬಿಟ್ಟುಕೊಡುವ ಪೈಕಿ ಅಲ್ಲ, ಹಾಗಾಗಿ ಹಳೆಯವನೇ ಇರಬಹುದು. ಕಾಲಿಗೆ ಗುರುತಿನ ಬಳೆ ಹಾಕದೆ ಗ್ಯಾರಂಟಿ ಕೊಡಲಾಗದು. ಬೈಕಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡರೂ ಜಗಳಕ್ಕೆ ಬೀಳುತ್ತದೆ. ಕನ್ನಡಿಗೆ ಒಂದು ಬಟ್ಟೆ ಚೀಲ ಕಟ್ಟಿಬಿಡಿ.

ಹಳೇ ಕಸ ತೆಗೆಯಬಹುದು, ಅದರಲ್ಲಿ ಉಣ್ಣಿ ಇರುತ್ತವೆ. ಆದರೆ ಹೊಸ ನಾರು, ಬೇರು ತರಲು ಶುರು ಮಾಡಿದ್ದರೆ ಕೈ ಹಾಕಬೇಡಿ. ಮರಿಗಳೆಲ್ಲ ಹಾರಿದ ಮೇಲೆ, ಮಳೆ ಮುಗಿದ ಮೇಲೆ ನೋಡಿದರಾಯಿತು. ಒಂದೇ ಬೇಸಿಗೆಯಲ್ಲಿ ಎರಡನೇ ಸಲ ಮೊಟ್ಟೆ ಇಡುವುದೂ ಉಂಟು.

ಇಲ್ಲಿ ನನ್ನದೇ ತಪ್ಪು ಹೇಳಬೇಕು. ಎರಡನೇ ವರ್ಷ ನಾನು ದಿನಕ್ಕೆ ನಾಲ್ಕು ಸಲ ಸ್ಟೂಲ್ ಹತ್ತಿ ಮೊಬೈಲ್ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ತಿಳಿ ಹಸಿರು ನೀಲಿ, ಮೇಲೆ ಕಂದು ಚುಕ್ಕೆ, ನಾಲ್ಕು ಮೊಟ್ಟೆ. ಐದನೇ ದಿನ ಬೆರಳಿಟ್ಟು ನೋಡಿದರೆ ತಣ್ಣಗೆ. ಹೆಣ್ಣು ಬಿಟ್ಟು ಹೋಗಿತ್ತು. ಆಯಿ ವಾರವಿಡೀ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಕಾವಿಗೆ ಕೂರುವುದು ಹೆಣ್ಣು ಒಂದೇ, ಸುಮಾರು 12ರಿಂದ 14 ದಿನ. ಆ ದಿನಗಳಲ್ಲಿ ಬಚ್ಚಲ ಹಿಂದೆ ಹೋಗಬೇಕಾದರೆ ಹೋಗಿ, ಕೆಲಸ ಮಾಡಿ ಬನ್ನಿ. ನಿಂತು ನೋಡಬೇಡಿ, ಅಲ್ವಾ?

ನೋಡುವ ಆಸೆ ಇದ್ದರೆ ಅಡುಗೆಮನೆ ಕಿಟಕಿಯಿಂದ ನೋಡಿ. ಮೊಟ್ಟೆ ಒಡೆದು ಮರಿ ಬಂದ ಮೇಲೆ ಗಂಡು ಹೆಣ್ಣು ಎರಡೂ ಹುಳ ತರುತ್ತವೆ. ನಮ್ಮಲ್ಲಿ ಗಂಡು ಬಾಯಲ್ಲಿ ಹಸಿರು ಹುಳ ಕಚ್ಚಿಕೊಂಡು ಬಟ್ಟೆ ತಂತಿಯ ಮೇಲೆ ಕೂರುತ್ತದೆ, ಬಾಲ ಮೇಲೆ ಕೆಳಗೆ ಆಡಿಸುತ್ತದೆ, ನಾನು ಆ ಕಡೆ ತಿರುಗುವವರೆಗೂ ತೂತಿಗೆ ಹೋಗುವುದಿಲ್ಲ. ಮೋಸ ಹೋಗುವ ಹಕ್ಕಿ ಅಲ್ಲ.

ಅಕ್ಕಿ ಬೇಡ. ಅದಕ್ಕೆ ಬೇಕಾದ್ದು ಹುಳ ಹುಪ್ಪಟೆ. ತರಕಾರಿ ಗಿಡಕ್ಕೆ ಕೀಟನಾಶಕ ಹೊಡೆಯುವುದನ್ನು ಒಂದು ತಿಂಗಳು ಬಿಡಿ, ಒಣ ಎಲೆ ಗುಡಿಸಿ ಸುಡಬೇಡಿ. ಒಂದು ಬೆರಳು ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಿ, ಸಾಕು.

ಬೆಕ್ಕಿನದು ನಿಜವಾದ ತಲೆನೋವು. ಪೈಪಿನ ಕೆಳಗೆ ಕಟ್ಟಿಗೆ ರಾಶಿ, ಏಣಿ ಇದ್ದರೆ ತೆಗೆಯಿರಿ. ಹತ್ತುವ ಕಂಬಕ್ಕೆ ತಗಡು ಸುತ್ತಿ. ಹುಟ್ಟಿ ಸುಮಾರು 15 ದಿನಕ್ಕೆ ಮರಿ ಹೊರಬೀಳುತ್ತದೆ, ಸರಿಯಾಗಿ ಹಾರಲು ಬರುವುದಿಲ್ಲ. ಆ ಮೂರ್ನಾಲ್ಕು ದಿನ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ. ನೆಲದಲ್ಲಿ ಮರಿ ಸಿಕ್ಕಿದರೆ ಎತ್ತಿ ಹತ್ತಿರದ ಗಿಡದ ಮೇಲೆ ಬಿಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಮನೆಗೆ ತಂದು ಸಾಕಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಕೆಂಬೂತ, ಕೇರೆ ಹಾವು ಬಂದರೆ ಮಾತ್ರ ನಾನು ಏನೂ ಮಾಡಲ್ಲ, ಅವಕ್ಕೂ ಹೊಟ್ಟೆ ಇದೆ.

ಒಂದು ಅನುಮಾನ. ನಿಮ್ಮ ಪೈಪಿಗೆ ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ಬೀಳುತ್ತದಾ? ನಿಮ್ಮ ಕಡೆಯ ಬಿಸಿಲಿಗೆ ಪ್ಲಾಸ್ಟಿಕ್ ಒಳಗೆ ಮರಿ ಬೆಂದೇ ಹೋದೀತು. ಮೊಟ್ಟೆ ಇಡುವ ಮೊದಲೇ ಮೇಲೊಂದು ಅಡಿಕೆ ಹಾಳೆ ಕಟ್ಟಿಬಿಡಿ. ಹಿಂದಿನ ತುದಿ ಮುಚ್ಚಿದೆಯಾ, ಅದನ್ನೂ ನೋಡಿ ಬರೆಯಿರಿ.