ಮುಂದಿನ ವರ್ಷ ಎಳ್ಳ ಅಮಾವಾಸ್ಯೆ ಇಲ್ಲ, ತಂಗಿ

ಪತ್ರ:

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾವು ಕಲಬುರಗಿಯಲ್ಲಿ ಇದ್ದೇವೆ. ನಮ್ಮ ಯಜಮಾನರ ಊರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಹೋದ ಡಿಸೆಂಬರ್‌ನಲ್ಲಿ, ಹೊಲಕ್ಕೆ ಹೋಗಿ ಭೂತಾಯಿಯನ್ನು ಪೂಜಿಸುವ ಎಳ್ಳ ಅಮಾವಾಸ್ಯೆಗೆ ನಾವು ಊರಿಗೆ ಹೋಗಲಿಲ್ಲ. ಮರುದಿನ ಮಗಳಿಗೆ ಟೆಸ್ಟ್ ಇತ್ತು. ಮಗ ಇನ್ನೂ ಸಣ್ಣವನು. ಹೊಲ, ಪೂಜೆ, ಹೊಲದ ತುಂಬ ಅಡುಗೆ ಚೆಲ್ಲುವ ಚರಗ ಅಂದರೆ ಅವನಿಗೇನು ತಿಳಿಯುತ್ತದೆ? ನಾಳೆ ನೆನಪೂ ಇರುವುದಿಲ್ಲ. ಸ್ವಲ್ಪ ದೊಡ್ಡವರಾಗಲಿ, ಅರ್ಥ ತಿಳಿದುಕೊಂಡು ಮಾಡಲಿ ಎಂಬುದು ನನ್ನ ವಿಚಾರ. ಅತ್ತೆಯವರು ಅವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ಮುಂದಿನ ವರ್ಷ ಹೋದರಾಯಿತು ಅಲ್ವಾ? ನನ್ನದೇನು ತಪ್ಪು?
— ಓದುಗರೊಬ್ಬರು, ಕಲಬುರಗಿ

ಉತ್ತರ:

ತಂಗಿ, ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯ ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್ ಇಳಿಸಿ, ಅದೇ, ನೀವು ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದು. 2026ರಲ್ಲಿ ಎಳ್ಳ ಅಮಾವಾಸ್ಯೆ ಯಾವ ತಾರೀಖಿಗೆ ಇದೆ ಹುಡುಕಿ. ಹನ್ನೆರಡೂ ಹಾಳೆ ತಿರುವಿ. ಸಿಗುವುದಿಲ್ಲ.

ನೀವು ತಪ್ಪಿಸಿಕೊಂಡದ್ದು 2025ರ ಡಿಸೆಂಬರ್ 19ರದು. ಅದರ ಮುಂದಿನದು 2027ರ ಜನವರಿ 7ಕ್ಕೆ. ನಡುವೆ ಅಧಿಕ ಜ್ಯೇಷ್ಠ ಎಂಬ ಹೆಚ್ಚುವರಿ ತಿಂಗಳು ಬಂದು ಕೂತಿದೆ. ಚಂದ್ರನ ವರ್ಷಕ್ಕೆ 354 ದಿನ, ಸೂರ್ಯನ ವರ್ಷಕ್ಕೆ 365. ಈ ಹನ್ನೊಂದು ದಿನದ ಸಾಲ ಬೆಳೆದು ಬೆಳೆದು, ಎರಡೂವರೆ ವರ್ಷ ದಾಟುವ ಹೊತ್ತಿಗೆ ಒಂದು ಇಡೀ ತಿಂಗಳಾಗಿ ನಿಲ್ಲುತ್ತದೆ. ಆಮೇಲಿನ ಹಬ್ಬಗಳೆಲ್ಲ ಮುಂದಕ್ಕೆ ಹೋಗುತ್ತವೆ. 2023ರಲ್ಲೂ ಹೀಗೇ ಆಗಿತ್ತು. ಅಧಿಕ ಶ್ರಾವಣ ಬಂದು ಆ ವರ್ಷದ ಎಳ್ಳ ಅಮಾವಾಸ್ಯೆ 2024ರ ಜನವರಿ 11ಕ್ಕೆ ಹೋಯಿತು. ಅದೇ 2024ರ ಡಿಸೆಂಬರ್ 30ಕ್ಕೆ ಮತ್ತೊಂದು ಬಂತು. 2023ರ ಕ್ಯಾಲೆಂಡರ್ ನೋಡಿ ಒಬ್ಬರು ಹಿರಿಯರು ಫೋನ್ ಮಾಡಿ, "ನಿಮ್ಮ ಕ್ಯಾಲೆಂಡರಿನಾಗ ಎಳ್ಳ ಅಮಾಸಿ ನುಂಗೀರಲ್ರೀ" ಎಂದು ನನಗೆ ಚೆನ್ನಾಗಿ ಬೈದರು. ನುಂಗಿದವನು ಚಂದ್ರ, ಬೈಸಿಕೊಂಡವನು ನಾನು.

ಅಂದರೆ ನಿಮ್ಮ "ಮುಂದಿನ ವರ್ಷ" ಎಂಬುದೇ ಇಲ್ಲ. ಅದು ಬರುವ ಹೊತ್ತಿಗೆ ಮಗಳು ಹತ್ತು ದಾಟಿರುತ್ತಾಳೆ. ಹದಿಮೂರಕ್ಕೆ ಅವಳ ಕೈಗೆ ಮೊಬೈಲ್ ಬರುತ್ತದೆ, ನೀವು ಬೇಡವೆಂದರೂ ಬರುತ್ತದೆ. ಬೆರಳು ಮಡಚಿ ಎಣಿಸಿ, ಇನ್ನು ಮೂರು ಸಲ, ಹೆಚ್ಚೆಂದರೆ ನಾಲ್ಕು. ಆಮೇಲೆ ಹೊಲಕ್ಕೆ ಬರುವುದೇ ಇಲ್ಲ ಅಂತಲ್ಲ. ಬರುತ್ತಾಳೆ. ಕಾರಿನಿಂದ ಇಳಿಯುವುದಿಲ್ಲ, ಅಷ್ಟೇ.

ನಿಮ್ಮ ಕಷ್ಟ ನನಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಟೆಸ್ಟ್ ಇದೆ, ರಜೆ ಇಲ್ಲ, ಖರ್ಚೂ ಇದೆ, ಖರೆ. ನೀವು ಬರೆಯದೆ ಬಿಟ್ಟ ಒಂದು ಮಾತನ್ನೂ ನಾನೇ ಹೇಳುತ್ತೇನೆ. ಹಬ್ಬ ಅಂದರೆ ಮನೆಯ ಹೆಣ್ಣುಮಕ್ಕಳಿಗೆ ಒಲೆ. ಹಿಂದಿನ ರಾತ್ರಿಯೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಅಂಬಲಿ, ಭಜ್ಜಿ. (ಬೆಂಗಳೂರಿನವರು ಭಜ್ಜಿ ಎಂದರೆ ಮೆಣಸಿನಕಾಯಿಯದು ಎಂದುಕೊಳ್ಳುತ್ತಾರೆ. ಹಸಿ ಕಡಲೆ, ಹಸಿ ತೊಗರಿ, ಇದ್ದಬದ್ದ ಸೊಪ್ಪನ್ನೆಲ್ಲ ಹುಣಸೆಹುಳಿಯಲ್ಲಿ ಕುದಿಸಿದ ನಮ್ಮ ಭಜ್ಜಿ ಅವರ ನಾಲಿಗೆಗೆ ಬಿದ್ದಿಲ್ಲ, ಪಾಪ.) ನಾನು ಪ್ರತಿ ವರ್ಷ ಈ ಹಬ್ಬದ ಬಗ್ಗೆ ಬರೆಯುವುದನ್ನು ನೋಡಿ ನಮ್ಮ ಮನೆಯವರು ಒಮ್ಮೆ ಕೇಳಿದರು. "ಹಬ್ಬ ಛಂದ ಅಂತ ಬರೀತೀರಿ. ರೊಟ್ಟಿ ಬಡಿಯೋರು ಯಾರು?" ಅವತ್ತಿನಿಂದ ತೊಗರಿಕಾಯಿ ಸುಲಿಯುವ ಕೆಲಸ ನನ್ನದು. ಇದರಿಂದ ನ್ಯಾಯ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ.

ಈಗ ನನ್ನ ಕಥೆ ಕೇಳಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಮಗನಿಗೆ ಆಗ ಆರು ವರ್ಷ. ಎಳ್ಳ ಅಮಾವಾಸ್ಯೆಯ ದಿನ ಅವನು ತಾಯಿಯ ಜೊತೆ ಊರಿಗೆ ಹೋದ. ನಾನು ಹೋಗಲಿಲ್ಲ. ಪ್ರೆಸ್ಸಿನಲ್ಲಿ ಕೂತು ಸಂಕ್ರಾಂತಿ ವಿಶೇಷಾಂಕದ ಪ್ರೂಫ್ ನೋಡುತ್ತಿದ್ದೆ. ವಿಶೇಷಾಂಕದ ವಿಷಯ ಏನು ಗೊತ್ತಾ? ನಮ್ಮ ಹಳ್ಳಿಯ ಹಬ್ಬಗಳು.

ಅಲ್ಲಿ ಹೊಲದಲ್ಲಿ ಎಲ್ಲ ಮಾಮೂಲಿನಂತೆ ನಡೆಯಿತಂತೆ. ಜೋಳದ ದಂಟು ಬಾಗಿಸಿ ಕಟ್ಟಿ ಸಣ್ಣ ಗುಡಿಸಲು ಮಾಡಿದರು. ಅದರೊಳಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದರು. ಭೂತಾಯಿಗೆ ಉಡಿ ತುಂಬಿದರು. ಬೆಳೆ ಹೊತ್ತು ನಿಂತ ಭೂಮಿ ಬಸುರಿ, ಅವಳ ಬಯಕೆ ತೀರಿಸುವ ಊಟ ಅದು, ನಿಮಗೂ ಗೊತ್ತಿರುವುದೇ. ಆಮೇಲೆ ನಮ್ಮಪ್ಪ ಎಲ್ಲ ಅಡುಗೆಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿಕೊಂಡು ಚರಗ ಚೆಲ್ಲಲು ಹೊರಟರು. ಮೊಮ್ಮಗ ನೀರಿನ ಚೆಂಬು ಹಿಡಿದು ಹಿಂದೆ. "ಹುಲ್ಲುಲ್ಲಿಗೋ" ಎಂದು ಇವರು ಕೂಗಬೇಕು, "ಚಳಂಬರಿಗೋ" ಎಂದು ಅವನು. ನಮ್ಮೂರಿನಲ್ಲಿ ಹೀಗೆ ಕೂಗುತ್ತೇವೆ, ನಿಮ್ಮ ಕಡೆ ಬೇರೆ ಥರ ಇರಬಹುದು. ಅರ್ಧ ಹೊಲ ಸುತ್ತಿದ ಮೇಲೆ ಹುಡುಗ ನಿಂತುಬಿಟ್ಟ.

"ಮುತ್ಯಾ, ಭೂಮಿ ಊಟ ಮಾಡ್ತದಂತಿ. ಅದರ ಬಾಯಿ ಎಲ್ಲಿ ಅದ?"

ನಮ್ಮಪ್ಪ ಸಾಲಿ ಕಲಿತವರಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತರಂತೆ. ನಮ್ಮದು ಎರೆ ಹೊಲ. ಚಳಿಗಾಲಕ್ಕೆ ಎರೆ ಮಣ್ಣು ಬಾಯಿ ಬಿಡುತ್ತದೆ, ಅಂಗೈ ಹೋಗುವಷ್ಟು ಬಿರುಕು ಬೀಳುತ್ತದೆ. ಅಂಥ ಒಂದು ಬಿರುಕಿನ ಮುಂದೆ ಅಪ್ಪ ಕುಕ್ಕರುಗಾಲಲ್ಲಿ ಕೂತು, "ಇಲ್ಲಿ ಅದ ನೋಡು" ಎಂದರು. ಹುಡುಗ ಬಗ್ಗಿ ಒಳಗೆ ನೋಡಿದ. ಓಡಿಹೋಗಿ ಅಂಬಲಿಯ ಗಡಿಗೆಯಿಂದ ಒಂದು ವಾಟಿ ತುಂಬಿಕೊಂಡು ಬಂದ. ಬಿರುಕಿನೊಳಗೆ ನಿಧಾನ ಸುರಿದ, ಕೂಸಿಗೆ ಹಾಲು ಕುಡಿಸುವಂತೆ. ಕಿವಿ ಇಟ್ಟು ಕೇಳಿದ. "ಕುಡೀಲತ್ತದ ಮುತ್ಯಾ" ಎಂದ.

ಇದನ್ನು ನಾನು ನೋಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಕೇಳಿದೆ, ಪ್ರೂಫ್‌ನ ಶಾಯಿ ಇನ್ನೂ ಬೆರಳಿಗೆ ಹತ್ತಿತ್ತು. ಮುಂದಿನ ಸಲ ನಾನೂ ಹೋದೆ. ಹುಡುಗನಿಗೆ ಏಳು ವರ್ಷ. ಬಿರುಕು ತೋರಿಸಿ, "ಬಾಯಿ ಎಲ್ಲಿ ಅದ?" ಎಂದು ನಾನೇ ಕೇಳಿದೆ. "ಅದು ಬರೇ ಬಿರುಕು ಪಪ್ಪಾ" ಎಂದ.

ಒಂದೇ ವರ್ಷ, ತಂಗಿ.

ನೀವು ಕೇಳುತ್ತೀರಿ, ಅವನಿಗೆ ಅದು ಈಗ ನೆನಪಿದೆಯಾ ಎಂದು. ಇಲ್ಲ. ನಾನು ಸುಳ್ಳು ಹೇಳುವುದಿಲ್ಲ. ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಕೇಳಿದರೆ ನಗುತ್ತಾನೆ. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಹೆಚ್ಚಿನವರಿಗೆ ನೆನಪಿರುವುದಿಲ್ಲ ಎಂದು ಮನಃಶಾಸ್ತ್ರದವರು ಹೇಳುತ್ತಾರೆ. ಅದರ ನಂತರದ್ದೂ ಚೂರುಪಾರು ಮಾತ್ರ ಉಳಿಯುತ್ತದೆ. ನನಗೆ ಐದನೇ ವರ್ಷದ ಎಳ್ಳ ಅಮಾವಾಸ್ಯೆಯಲ್ಲಿ ಉಳಿದಿರುವುದು ಅಪ್ಪನ ಹೆಗಲ ಮೇಲಿನ ಹಸಿ ಟವೆಲ್ಲಿನ ವಾಸನೆ. ಪೂಜೆ ಇಲ್ಲ, ಪಾಂಡವರಿಲ್ಲ.

ಆದರೆ ನಮ್ಮಪ್ಪ ಆ ಅಂಬಲಿಯ ಕಥೆಯನ್ನು ಸಾಯುವ ತನಕ ಹೇಳಿದರು. ಮನೆಗೆ ಬಂದ ಬೀಗರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕೊನೆಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಲು ಬಂದ ನರ್ಸಿಗೂ. ನೀವು ಮಗನ ನೆನಪಿನ ಲೆಕ್ಕವನ್ನಷ್ಟೇ ಹಾಕಿದ್ದೀರಿ. ನಿಮ್ಮ ಅತ್ತೆಯವರ ನೆನಪಿನ ಲೆಕ್ಕ ಹಾಕಿಲ್ಲ. ಅವರು ಮಾತು ಬಿಟ್ಟಿರುವುದು ಸಂಪ್ರದಾಯ ಕೆಟ್ಟಿತು ಅಂತಲ್ಲ, ನನಗೆ ಹಾಗೆ ಅನಿಸುವುದಿಲ್ಲ. ಐದು ವರ್ಷದ ಮೊಮ್ಮಗ ಹೊಲದಲ್ಲಿ ಓಡುವುದನ್ನು ನೋಡಬೇಕಿತ್ತು ಅವರಿಗೆ. ಆರು ವರ್ಷದವನು ಬೇರೆ ಹುಡುಗ.

"ಅರ್ಥ ತಿಳಿದು ಮಾಡಲಿ" ಎಂಬ ನಿಮ್ಮ ಮಾತೇ ನನಗೆ ಜಾಸ್ತಿ ಚುಚ್ಚಿದ್ದು. ಅರ್ಥ ತಿಳಿದು ಯಾರು ಹಬ್ಬ ಮಾಡಿದ್ದಾರೆ? ನಾನು ಸಣ್ಣವನಿದ್ದಾಗ ಮೊಹರಮ್ಮಿಗೆ ನಮ್ಮವ್ವ ನನ್ನ ಕೊರಳಿಗೆ ಕೆಂಪು ಲಾಡಿ ಹಾಕಿಸಿ ಫಕೀರನನ್ನು ಮಾಡುತ್ತಿದ್ದಳು. ಜಡ್ಡು ಬಿದ್ದಾಗ ಹರಕೆ ಹೊತ್ತಿದ್ದಳಂತೆ. ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಊರ ಮಂದಿಯ ಜೊತೆ ಹೆಜ್ಜೆ ಹಾಕುತ್ತಿದ್ದೆ, ಮನೆಮನೆಗೆ ಹೋಗಿ ಸಕ್ಕರೆ ಇಸಿದುಕೊಂಡು ತಿನ್ನುತ್ತಿದ್ದೆ. ಹಸೇನ್-ಹುಸೇನ್ ಯಾರು, ಕರ್ಬಲಾ ಎಲ್ಲಿದೆ, ಏನೂ ಗೊತ್ತಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಮೊದಲೇ ಕುಣಿದಿದ್ದಕ್ಕೆ ಓದುವ ಮನಸ್ಸಾಯಿತು. ಈಗಿನವರು ಮೊದಲು, ಇದು ಯಾರ ಹಬ್ಬ ಎಂದು ಕೇಳುತ್ತಾರೆ. ಇರಲಿ, ಆ ಮಾತು ತೆಗೆದರೆ ಈ ಪುಟ ಸಾಲುವುದಿಲ್ಲ.

ಅರಳಗುಂಡಗಿಯ ಶರಣಬಸವಪ್ಪ (ನಮ್ಮ ಶರಣಬಸವೇಶ್ವರರು) ಹೊಲ ಕಾಯಲು ಹೋದವರು ಹಕ್ಕಿಗಳನ್ನು ಓಡಿಸದೆ, ತಿನ್ನಲಿ ಬಿಡು ಎಂದು ಅವಕ್ಕೆ ನೀರನ್ನೂ ಇಟ್ಟರು ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಈ ಕಥೆಯನ್ನು ದೊಡ್ಡವರಿಗೆ ಹೇಳಿ ನೋಡಿ. "ಆಮ್ಯಾಲ ಇಳುವರಿ ಎಷ್ಟು ಬಂತು?" ಎನ್ನುತ್ತಾರೆ. ಐದು ವರ್ಷದವರಿಗೆ ಹೇಳಿ. ಯಾವ ಹಕ್ಕಿ, ಎಷ್ಟು ಬಂದಿದ್ದವು, ನೀರು ಯಾವುದರಲ್ಲಿ ಇಟ್ಟರು ಎಂದು ಕೇಳುತ್ತಾರೆ.

ಟೆಸ್ಟಿನ ಮಾತಿಗೆ ಬರೋಣ. ನಮ್ಮ ಓಣಿಯಲ್ಲಿ ಒಬ್ಬ ಜಾಣ ಹುಡುಗ ಇದ್ದಾನೆ. ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಯಾವ ವರ್ಷ ಸಿಕ್ಕಿತು ಎಂದರೆ ಥಟ್ಟನೆ 2019 ಎನ್ನುತ್ತಾನೆ. ಅವನನ್ನು ಒಮ್ಮೆ ಊರಿಗೆ ಕರೆದೊಯ್ದೆ. ತೊಗರಿ ಗಿಡದ ಮುಂದೆ ನಿಲ್ಲಿಸಿದರೆ, "ಅಂಕಲ್, ಇದು ಬಟಾಣಿ ಏನು?" ಎಂದ. ಅವನ ಶಾಲೆಯಲ್ಲಿ ಹಬ್ಬದ ದಿನ ಅಂತ ಒಂದು ಮಾಡುತ್ತಾರೆ. ಮಕ್ಕಳಿಗೆ ಬಾಡಿಗೆ ಧೋತರ ಉಡಿಸಿ, ರಟ್ಟಿನ ನೇಗಿಲು ಹಿಡಿಸಿ, ಫೋಟೊ ತೆಗೆದು ತಂದೆ-ತಾಯಿಗೆ ಕಳಿಸುತ್ತಾರೆ. ಸಂಕ್ರಾಂತಿ ಎಂದರೆ ಕಬ್ಬು ಕಟ್ಟಿ, ಪೊಂಗಲ್ ಮಾಡಿ, ದನಗಳಿಗೆ ಕಿಚ್ಚು ಹಾಯಿಸುವುದಂತೆ. ಟಿವಿಯಲ್ಲೂ ಅದೇ. ಕಿಚ್ಚು ಹಾಯಿಸುವವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಹಬ್ಬ, ಛಂದ ಮಾಡಲಿ. ಆದರೆ ಕಲಬುರಗಿ, ಬೀದರ್, ಯಾದಗಿರಿಯ ಊರೂರೇ ಖಾಲಿಯಾಗಿ ಹೊಲಕ್ಕೆ ಹೋಗುವ ಒಂದು ದಿನ ಇದೆ ಎಂಬುದು ಅಲ್ಲಿ ಕೂತವರಿಗೆ ಗೊತ್ತೇ ಇಲ್ಲ. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೊಸ ಹೆಸರು ಬಂತು. ಹೆಸರಿಟ್ಟವರು ಒಮ್ಮೆ ಚರಗಕ್ಕೆ ಬರಲಿ, ಉಣ್ಣಿಸಿ ಕಳಿಸುತ್ತೇವೆ.

ಹೊಲವಾದರೂ ಎಷ್ಟು ದಿನ ಉಳಿದೀತು ಎಂಬುದು ಬೇರೆ ಚಿಂತೆ. ನಾವು ಸಣ್ಣವರಿದ್ದಾಗ ಊಟ ಮಾಡಿ ಮಲಗುತ್ತಿದ್ದ ಬೇವಿನ ಮರದ ಜಾಗದಲ್ಲಿ ಈಗ ಬಿಳಿ ಕಲ್ಲು ನೆಟ್ಟಿದ್ದಾರೆ. ಪಾಂಡವರಲ್ಲ, ಪ್ಲಾಟಿನ ಕಲ್ಲು.

ಬೆಳೆಯ ಗತಿಯೂ ಅಷ್ಟೇ. 2024ರ ಡಿಸೆಂಬರ್ 30ರಂದು ನಮ್ಮ ಅಣ್ಣನ ಹೊಲದಲ್ಲಿ ತೊಗರಿ ನೆಟೆ ರೋಗಕ್ಕೆ ಒಣಗಿ ನಿಂತಿತ್ತು. ಕೈ ತಾಗಿದರೆ ಕಟಕಟ ಎನ್ನುತ್ತಿತ್ತು. ಅಣ್ಣ ಎಂದಿನಂತೆ ಟವೆಲ್ ಸುತ್ತಿಕೊಂಡು ಚರಗಕ್ಕೆ ಎದ್ದ. ಅವನ ಮೊಮ್ಮಗಳು, ಏಳು ವರ್ಷದವಳು, "ಒಣಗಿದ ತೊಗರಿಗೂ ಚೆಲ್ಲಬೇಕಾ ಮುತ್ಯಾ?" ಎಂದಳು. ನಾವು ದೊಡ್ಡವರೆಲ್ಲ ಅದನ್ನೇ ಅಂದುಕೊಳ್ಳುತ್ತಿದ್ದೆವು, ಬಾಯಿ ಬಿಟ್ಟಿರಲಿಲ್ಲ. ಅಣ್ಣ ಹೇಳಿದ, "ಆರಾಮ ಇಲ್ದಾಕಿಗಿ ಊಟ ಹಾಕಲ್ಲೇನವ್ವ?" ಹುಡುಗಿ ಚೆಂಬು ಎತ್ತಿಕೊಂಡಳು. ಆ ದಿನ "ಚಳಂಬರಿಗೋ" ಎಂದು ಕೂಗಿದ್ದು ಅವಳೊಬ್ಬಳೇ. ನಮಗೆ ಗಂಟಲು ಕಟ್ಟಿತ್ತು.

ಸರಿ, ಆಗಿದ್ದು ಆಯಿತು. ಮುಂದಿನ ಜನವರಿ 7ರ ತನಕ ಕಾಯುತ್ತಾ ಕೂರಬೇಡಿ. ಹೋಳಿಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು ಇದೆ, ನಿಮ್ಮ ಊರಿನಲ್ಲೇ ಇದೆ. ಮಗನನ್ನು ಅವನ ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳಲಿ, ಉತ್ತತ್ತಿಯನ್ನು ಅವನ ಕೈಯಿಂದಲೇ ಎಸೆಸಿ. ಐದು ವರ್ಷದವನ ಭಾರವನ್ನು ಹೆಗಲು ತಡೆಯುತ್ತದೆ.

ಅದಕ್ಕೂ ಮೊದಲು, ಈ ಭಾನುವಾರವೇ ಊರಿಗೆ ಹೋಗಿ. ತೊಗರಿ ಕೊಯ್ದಾಗಿರುತ್ತದೆ, ಜೋಳ ಹಾಲು ಕಟ್ಟಿರುತ್ತದೆ. ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುವ ಹೊತ್ತೂ ಬಂತು. ಅತ್ತೆಯವರು ಮೊದಲು ಮುಖ ಊದಿಸಿಕೊಂಡೇ ಇರುತ್ತಾರೆ, ನೀವು ನೋಡದವರಂತೆ ಒಳಗೆ ಹೋಗಿ. ಅಡುಗೆಮನೆಯಲ್ಲಿ ಮೇಲಿನ ಸಾಲಿನ ಡಬ್ಬಿ ತೆಗೆದು ನೋಡಿ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮೊಮ್ಮಕ್ಕಳ ಪಾಲಿನದನ್ನು ಅವರು ಎತ್ತಿಟ್ಟಿರುತ್ತಾರೆ.

— ಸಂಪಾದಕ